ರಾಕಿ ಮತ್ತೆ ಬರ್ತಾನಾ? ಹೀಗೆ ಲೆಕ್ಕ ಹಾಕಿ

ಕಾಸರಗೋಡಿನ ನಮ್ಮ ಬದಿಯಡ್ಕದಲ್ಲಿ ‘ಕೆಜಿಎಫ್’ ಸಿನಿಮಾವನ್ನು ಕನ್ನಡದಲ್ಲಿ ನೋಡಿದವರದ್ದೂ ಮಲಯಾಳಂ ಡಬ್ಬಿಂಗ್ ನೋಡಿದವರದ್ದೂ ಒಂದೇ ವಾದ: ಚಿನ್ನದ ಜೊತೆ ಸಮುದ್ರದಲ್ಲಿ ಮುಳುಗಿದ ನಾಯಕ ರಾಕಿ ಬದುಕಿದ್ದಾನಾ?

ಮೊದಲು ‘ಕೆಜಿಎಫ್ ಚಾಪ್ಟರ್ 2’ ಮುಗಿದ ಮೇಲೆ ಬರುವ ಪುಟ್ಟ ದೃಶ್ಯ ನೋಡಿ. ಥಿಯೇಟರಿನಿಂದ ಬೇಗ ಎದ್ದವರಿಗೆ ಅದು ಸಿಕ್ಕಿಲ್ಲ. 1978ರಿಂದ 1981ರವರೆಗೆ 16 ದೇಶಗಳಲ್ಲಿ ರಾಕಿಯ ಅಪರಾಧಗಳಿವೆ ಅನ್ನುತ್ತದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಮೂರನೇ ಭಾಗದ ಕರಡೂ ಕಾಣುತ್ತದೆ. ಆ ವರ್ಷಗಳ ವಿದೇಶದ ಕಥೆ ನಾವಿನ್ನೂ ನೋಡಿಲ್ಲ, ಅಲ್ವಾ? ಅದಕ್ಕೇ ‘ಬದುಕಿದ್ದಾನಾ’ ಅನ್ನುವುದನ್ನು ಬಿಟ್ಟು ‘ಆಗ ಎಲ್ಲಿದ್ದ’ ಎಂದು ಕೇಳಿ. ಸತ್ತಿದ್ದರೂ ಆ ಹಳೇ ವರ್ಷಗಳ ಕಥೆಯಲ್ಲಿ ಅವನು ಬರಲು ದಾರಿ ಇದೆ. ನನಗೆ ಜಾಸ್ತಿ ನಂಬಿಕೆ ಇರುವುದು ಇದರ ಮೇಲೆಯೇ.

ಫ್ಯಾನ್ ಪೋಸ್ಟರ್ ನೋಡಿ ಸುಮ್ನೆ ರಿಲೀಸ್ ತಾರೀಖು ಹಂಚಬೇಡಿ. ನಿರ್ದೇಶಕ ಪ್ರಶಾಂತ್ ನೀಲ್, ರಾಕಿ ಪಾತ್ರ ಮಾಡಿದ ಯಶ್ ಬಾಯಲ್ಲಿ ಬಂದರೆ ಮಾತ್ರ ಹಂಚಿ.