ತೂಕದ ಮಾತಿಗೆ ಮೊದಲು ಏಳು ರಾತ್ರಿಯ ಲೆಕ್ಕ

ಮಗುವಿನ ತೂಕ ಜಾಸ್ತಿಯಾಗಿದೆ ಎಂದು ಹುಬ್ಬಳ್ಳಿ-ಧಾರವಾಡದ ಪಾಲಕರು ಬಂದರೆ, ಊಟದ ಪಟ್ಟಿಗಿಂತ ಮೊದಲು ನಾನು ಏಳು ದಿನದ ನಿದ್ದೆ ಬರೆಸುತ್ತೇನೆ. ದೀಪ ಆರಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಸಂಜೆ ಮಲಗಿದ್ದೆಷ್ಟು, ರಾತ್ರಿ ಊಟವಾದ ಮೇಲೆ ತಿಂದದ್ದೇನು. ಇಷ್ಟೇ. ‘ಹತ್ತಕ್ಕ ಮಲಗ್ತಾನ್ರಿ’ ಅಂದರೆ ಬಹಳ ಮನೆಗಳಲ್ಲಿ ಅದು ಹಾಸಿಗೆಗೆ ಕಳಿಸಿದ ಹೊತ್ತು. ಚಾದರದೊಳಗಿನ ಮೊಬೈಲ್ ಆರುವುದು ಹನ್ನೆರಡಕ್ಕೆ. ಅದಕ್ಕೇ ಮಗುವಿನ ಕೈಯಲ್ಲೇ ಬರೆಸುತ್ತೇನೆ, ಬೈಯಬೇಡಿ ಎಂದು ಪಾಲಕರಿಗೆ ಮೊದಲೇ ಹೇಳಿರುತ್ತೇನೆ.

6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ತಾಸು, 13ರಿಂದ 18ರವರಿಗೆ 8ರಿಂದ 10 ತಾಸು ನಿದ್ದೆ ಬೇಕು. ನಸುಕಿನ ಕೋಚಿಂಗ್‌ಗೆ ಐದಕ್ಕೆ ಏಳುವ ಪಿಯುಸಿ ಹುಡುಗಿ ಹನ್ನೊಂದೂವರೆಗೆ ಮಲಗಿದರೆ ಐದೂವರೆ ತಾಸು. ನಿದ್ದೆಗೆಟ್ಟ ದೇಹ ಕರಿದದ್ದು, ಸಿಹಿ ಬೇಡುತ್ತದೆ. ಓದುವ ಮೇಜಿನ ಮೇಲೆ ಚೂಡಾದ ಡಬ್ಬಿ, ಕಣ್ಣು ಪುಸ್ತಕದಲ್ಲಿ, ಕೈ ತಾನೇ ಡಬ್ಬಿಗೆ ಹೋಗಿ ಬರುತ್ತಿರುತ್ತದೆ. ತೂಕ ಇಳಿಯಲೆಂದು ರಾತ್ರಿ ರೊಟ್ಟಿ ಬಿಡಿಸಿದ ಮನೆಯಲ್ಲೇ ಈ ಡಬ್ಬಿ ಬೇಗ ಖಾಲಿ. ಎಂಟಕ್ಕೆ ರೊಟ್ಟಿ, ಪಲ್ಯ, ಬೇಳೆ ಹೊಟ್ಟೆತುಂಬ ಕೊಡಿ, ಡಬ್ಬಿ ಅಡುಗೆಮನೆಯಲ್ಲಿರಲಿ.

ತಿದ್ದುವುದು ಏಳುವ ಹೊತ್ತಿನಿಂದ. ಭಾನುವಾರವೂ ಒಂದು ತಾಸಿಗಿಂತ ತಡ ಬೇಡ. ಹತ್ತರವರೆಗೆ ಮಲಗಿದವನಿಗೆ ಆ ರಾತ್ರಿ ನಿದ್ದೆ ಹತ್ತುವುದಿಲ್ಲ, ಸೋಮವಾರ ಕೆಡುತ್ತದೆ. ಎದ್ದು ಬೆಳಕು ಹರಿದ ಮೇಲೆ 20 ನಿಮಿಷ ಅಂಗಳದಲ್ಲೋ ಮಾಳಿಗೆ ಮೇಲೋ ಇರಲಿ. ಮಲಗುವ ಹೊತ್ತನ್ನು ಮೂರು-ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಬೇಗ ಮಾಡುತ್ತ ಬನ್ನಿ. ಹರೆಯದಲ್ಲಿ ದೇಹದ ಗಡಿಯಾರವೇ ಒಂದೆರಡು ತಾಸು ತಡ ಓಡುತ್ತದೆ, ಹಾಗಾಗಿ ಒಮ್ಮೆಲೇ ಎರಡು ತಾಸು ಬೇಗ ಮಲಗಿಸಿದರೆ ಮಗು ಸುಮ್ಮನೆ ಹೊರಳಾಡುತ್ತದೆ. ಚಹಾದ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ತಾಸು ಬೇಕು. ಟ್ಯೂಷನ್ ಮುಗಿಸಿ ಏಳಕ್ಕೆ ಕುಡಿಯುವ ಚಹಾ ನಿಲ್ಲಲೇಬೇಕು. ಸಂಜೆ ನಿದ್ದೆ ಬಂದರೆ ಅಲಾರಾಂ ಇಟ್ಟು 20 ನಿಮಿಷ, ಸಾಕು. ಐದಕ್ಕೆ ಏಳಬೇಕಾದ ಕೋಚಿಂಗ್ ಬ್ಯಾಚ್ ಬಿಡಲಾಗದವರಿಗೆ ಒಂಬತ್ತಕ್ಕೆ ಮಲಗುವುದೊಂದೇ ದಾರಿ. ಅದೂ ಆಗದಿದ್ದರೆ ಬ್ಯಾಚ್ ಬದಲಿಸಿ ಎನ್ನುತ್ತೇನೆ.

ತೂಕ, ಎತ್ತರ ತಿಂಗಳಿಗೊಮ್ಮೆ ನೋಡಿದರೆ ಸಾಕು. ಬೆಳೆಯುವ ಮಗುವಿನ ಎತ್ತರ ಏರುತ್ತ ತೂಕ ಅಲ್ಲೇ ನಿಂತರೆ, ಬಹುತೇಕ ಮಕ್ಕಳಿಗೆ ಅದೇ ಸರಿಯಾದ ದಾರಿ.

ವಾರದಲ್ಲಿ ಮೂರು ಅಥವಾ ಹೆಚ್ಚು ರಾತ್ರಿ ಗೊರಕೆ, ನಡುವೆ ಉಸಿರು ನಿಂತು ಏದುಸಿರು, ಬಾಯಿ ತೆರೆದೇ ನಿದ್ದೆ ಕಂಡರೆ ಏಳು ದಿನ ಕಾಯಬೇಡಿ. ಟಾನ್ಸಿಲ್ ಮತ್ತು ಅಡಿನಾಯ್ಡ್ (ಮೂಗಿನ ಹಿಂಭಾಗದಲ್ಲಿರುವ, ಟಾನ್ಸಿಲ್‌ನಂಥದೇ ಅಂಗಾಂಶ) ನೋಡಲು ಕಿವಿ-ಮೂಗು-ಗಂಟಲಿನ ವೈದ್ಯರ ಬಳಿ ಕರೆದುಕೊಂಡು ಹೋಗಿ.