ಹೆಬ್ಬೆರಳಿನ ಕೆಲಸ ಅಂಗೈಗೆ ಹಂಚಿ

ವಯಸ್ಸಾದ ಮೇಲೆ ಬೆರಳು ನೋಯುತ್ತೆ ಬಿಡಿ ಅಂತ ನಮ್ಮಲ್ಲಿ ಜಾಸ್ತಿ ಜನ ಸುಮ್ಮನಾಗುತ್ತಾರೆ. ವಯಸ್ಸೂ ಒಂದು ಕಾರಣ, ನಿಜ. ಆದರೆ ನಾವು ವಸ್ತುಗಳನ್ನು ಹಿಡಿಯುವ ರೀತಿಯೂ ನೋವನ್ನು ಹೆಚ್ಚಿಸುತ್ತದೆ. ಹೆಬ್ಬೆರಳು ಮಣಿಕಟ್ಟಿಗೆ ಸೇರುವ ಬುಡದಲ್ಲಿ ಒಂದು ಕೀಲಿದೆ. ಹೆಬ್ಬೆರಳಿನ ಸವೆತ ಹೆಚ್ಚಾಗಿ ಶುರುವಾಗುವುದು ಅಲ್ಲೇ. ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ 1 ಕೆಜಿಯಷ್ಟು ಒತ್ತಿ ಏನನ್ನಾದರೂ ಹಿಡಿದರೆ, ಆ ಕೀಲಿನ ಮೇಲೆ ಸುಮಾರು 12 ಕೆಜಿ ಒತ್ತಡ ಬೀಳುತ್ತದೆ. ಇಷ್ಟು ಗೊತ್ತಿದ್ದರೆ ಎಲ್ಲಿ ಜಾಗ್ರತೆ ಬೇಕು ಅಂತ ತಾನಾಗೇ ತಿಳಿಯುತ್ತದೆ.

ಬಿಗಿಯಾದ ಡಬ್ಬಿಯ ಮುಚ್ಚಳವನ್ನು ಬೆರಳುಗಳಿಂದ ತಿರುಚಬೇಡಿ. ಡಬ್ಬಿಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಮುಚ್ಚಳದ ಮೇಲೆ ಅಂಗೈ ಪೂರ್ತಿ ಊರಿ, ಭುಜದಿಂದ ಬಲ ಕೊಟ್ಟು ತಿರುಗಿಸಿ. ಹೊಸ ಬಾಟಲಿ ಆದರೆ ಮೊದಲು ಚಮಚದ ತುದಿಯನ್ನು ಮುಚ್ಚಳದ ಅಂಚಿನಡಿ ತೂರಿಸಿ ಮೆಲ್ಲಗೆ ಎತ್ತಿ. ಟಕ್ ಅಂತ ಶಬ್ದ ಬಂದು ಗಾಳಿ ಒಳಗೆ ಹೋದರೆ ಅರ್ಧ ಕೆಲಸ ಮುಗಿಯಿತು.

ಬಟ್ಟೆ ಹಿಂಡುವುದು ಎಲ್ಲಕ್ಕಿಂತ ಕೆಟ್ಟದ್ದು ಅಂತ ನನ್ನ ಲೆಕ್ಕ. ಬಿಗಿ ಹಿಡಿತ, ಜೊತೆಗೆ ತಿರುಚುವುದು, ಎರಡೂ ಒಟ್ಟಿಗೆ. ಸಣ್ಣ ಬಟ್ಟೆಯನ್ನು ನಲ್ಲಿಗೆ ಸುತ್ತಿ, ಎರಡು ತುದಿಗಳನ್ನೂ ಸೇರಿಸಿ ಮುಷ್ಟಿಯಲ್ಲಿ ಹಿಡಿದು ತಿರುಗಿಸಿ. ನಲ್ಲಿ ಗಟ್ಟಿಯಾಗಿರಬೇಕು ಅಷ್ಟೇ! ಇಲ್ಲದಿದ್ದರೆ ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಅಂಗೈಯಿಂದ ಒತ್ತಿದರೂ ಸಾಕು.

ಪೆನ್ನು, ಬ್ರಷ್ಷು, ತರಕಾರಿ ಹೆಚ್ಚುವ ಚಾಕು, ಇವುಗಳ ಹಿಡಿ ಸಣ್ಣದಾದಷ್ಟೂ ಬೆರಳು ಜಾಸ್ತಿ ಬಿಗಿಯಾಗುತ್ತದೆ. ಹಿಡಿಗೆ ಸ್ಪಂಜು ಸುತ್ತಿ ದಪ್ಪ ಮಾಡಿಕೊಳ್ಳಿ. ತೀರಾ ದಪ್ಪವಾದರೆ ಬೆರಳು ಅಗಲಿಸಬೇಕಾಗುತ್ತದೆ, ಅದೂ ಬೇಡ. ಬ್ಯಾಗನ್ನು ಬೆರಳಿಗೆ ನೇತು ಹಾಕಿಕೊಳ್ಳುವ ಬದಲು ಭುಜಕ್ಕೋ ಮೊಳಕೈಗೋ ಹಾಕಿಕೊಳ್ಳಿ. ತುಂಬಿದ ಪಾತ್ರೆಯನ್ನು ಎರಡೂ ಕೈಯಲ್ಲಿ, ಒಂದು ಅಂಗೈ ತಳಕ್ಕೆ ಕೊಟ್ಟು ಎತ್ತಿ. ಬಿಸಿ ಇದ್ದರೆ ದಪ್ಪ ಬಟ್ಟೆ ಮರೆಯಬೇಡಿ.

ಇನ್ನು ಮೊಬೈಲು. ಒಂದೇ ಕೈಯಲ್ಲಿ ಹಿಡಿದು ಅದೇ ಹೆಬ್ಬೆರಳಿನಿಂದ ಗಂಟೆಗಟ್ಟಲೆ ತಳ್ಳುವುದು ಯಾವ ವಯಸ್ಸಿನವರಿಗೂ ಒಳ್ಳೆಯದಲ್ಲ. ಮೇಜಿನ ಮೇಲಿಟ್ಟು ತೋರುಬೆರಳಿನಿಂದ ಒತ್ತಿ. ಉದ್ದದ ಸಂದೇಶ ಇದ್ದರೆ ಮಾತಾಡಿಯೇ ಕಳಿಸಬಹುದಲ್ವಾ?

ಹೊಲಿಗೆ, ಬರವಣಿಗೆಯಂಥ ಕೆಲಸವನ್ನು ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಬೆರಳು ಸಡಿಲ ಬಿಡಿ. ಬೆಳಗ್ಗೆ ಕೈ ಬಿಗಿಯಾಗಿದ್ದರೆ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮುಷ್ಟಿ ಕಟ್ಟಿ ಬಿಡಿಸಿ. ಬಿಗಿತ ಒಂದು ಗಂಟೆ ಕಳೆದರೂ ಹೋಗದಿದ್ದರೆ, ಗಂಟುಗಳು ಊದಿ ಬಿಸಿಯಾಗಿದ್ದರೆ, ಅದು ಬರೀ ಸವೆತ ಇರಲಿಕ್ಕಿಲ್ಲ. ಮುಲಾಮು ಹಚ್ಚುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.