ಒಂದೇ ಕಾವಲು, ಕಾಲಕ್ಕೊಂದು ಮೇವು: ಹುಲ್ಲು ನೋಡಿ ದನ ಸಾಕುವುದು ಹೇಗೆ?

ಜುಲೈನಲ್ಲಿ ಮೇಯುವ ಹುಲ್ಲು ಬೇರೆ, ಫೆಬ್ರವರಿಯಲ್ಲಿ ಅದೇ ಜಾಗದಲ್ಲಿ ಮೇಯುವ ಹುಲ್ಲು ಬೇರೆ. ಎಳೆ ಹುಲ್ಲನ್ನು ಒಣಗಿಸಿ ತೂಗಿದರೆ ಅದರಲ್ಲಿ ಶೇ 10ರಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಪ್ರೋಟೀನ್ ಇರುತ್ತದೆ. ತೆನೆ ಬಲಿತು ಒಣಗಿದ ಮೇಲೆ ಶೇ 3–4 ಉಳಿದರೆ ಹೆಚ್ಚು. ಶೇ 7ಕ್ಕಿಂತ ಕಡಿಮೆಯಾದರೆ ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳಿಗೇ ಆಹಾರ ಸಾಲುವುದಿಲ್ಲ. ಆಗ ಮೇವು ಒಳಗೇ ನಿಂತುಬಿಡುತ್ತದೆ, ಹಸು ತಿನ್ನುವುದನ್ನೇ ಕಡಿಮೆ ಮಾಡುತ್ತದೆ.

ಹಳೇ ಮೈಸೂರಿನ ಅಮೃತ ಮಹಲ್ ಕಾವಲುಗಳನ್ನು, ಅಂದರೆ ಅರಸರ ದನ ಮೇಯುತ್ತಿದ್ದ ಹುಲ್ಲುಗಾವಲುಗಳನ್ನು, ಮಳೆಗಾಲಕ್ಕೆ, ಚಳಿಗಾಲಕ್ಕೆ, ಬೇಸಿಗೆಗೆ ಅಂತ ಬೇರೆ ಬೇರೆ ಮಾಡಿಟ್ಟಿದ್ದರು. ನಮಗೆ ಅಷ್ಟು ಜಾಗ ಇಲ್ಲ, ಹಾಗಾಗಿ ಜೊತೆಗೆ ಕೊಡುವ ಮೇವನ್ನೇ ಬದಲಿಸಬೇಕು.

ಮೊದಲು ಸೆಗಣಿ ನೋಡಿ. ಮುಂಗಾರಿನ ಹೊಸ ಚಿಗುರು ತಿಂದ ಹಸು ನೀರು ನೀರಾಗಿ ಹಾಕುತ್ತದೆ, ಬಾಲ-ತೊಡೆಯೆಲ್ಲ ಮೆತ್ತಿಕೊಂಡಿರುತ್ತದೆ. ಚಿಗುರಿನಲ್ಲಿ ನೀರು ಜಾಸ್ತಿ, ನಾರು ಕಡಿಮೆ. ಬೆಳಿಗ್ಗೆ ಒಂದಿಷ್ಟು ರಾಗಿ ಹುಲ್ಲು ತಿನ್ನಿಸಿಯೇ ಹೊರಗೆ ಬಿಡಿ, ಮೇಯುವ ಹೊತ್ತನ್ನು ದಿನದಿಂದ ದಿನಕ್ಕೆ ಹೆಚ್ಚಿಸಿ. ಕುರಿಗಳಿಗೆ ಕರುಳು ಬೇನೆ ಲಸಿಕೆ ಮಳೆಗೆ ಮುಂಚೆಯೇ ಆಗಿರಬೇಕು.

ಆಮೇಲೆ ಕೊಯ್ಲು. ಇಲ್ಲೇ ಹೆಚ್ಚಿನವರು ತಡ ಮಾಡುವುದು. ಹುಲ್ಲು ಎತ್ತರ ಬರಲಿ, ಹೊರೆ ಜಾಸ್ತಿ ಆಗಲಿ ಅಂತ ಕಾಯುತ್ತಾರೆ, ಆದರೆ ಕಾದಷ್ಟೂ ಸತ್ವ ಬೀಜಕ್ಕೆ ಹೋಗಿ ಕಡ್ಡಿ ಗಡುಸಾಗುತ್ತದೆ. ಹೂ ಕಾಣಿಸಿಕೊಂಡ ಕೂಡಲೇ, ಮಳೆ ಬಿಡುವು ಕೊಟ್ಟ ದಿನ ನೋಡಿ ಕೊಯ್ಯಿರಿ. ತೆಳ್ಳಗೆ ಹರಡಿ, ಮಗುಚಿ ಹಾಕಿ ಒಣಗಿಸಿ. ಕಡ್ಡಿಯ ಗೆಣ್ಣನ್ನು ಉಗುರಿನಿಂದ ಕೆರೆದಾಗ ಪಸೆ ಬಂದರೆ ಬಣವೆ ಒಟ್ಟಬೇಡಿ, ಬಿಸಿಯೇರಿ ಬೂಸಲು ಹಿಡಿಯುತ್ತದೆ.

ಜನವರಿ ಕಳೆದ ಮೇಲೆ ಸೆಗಣಿ ಗಟ್ಟಿಯಾಗಿ, ಪದರ ಪದರವಾಗಿ ಬೀಳತೊಡಗುತ್ತದೆ. ಪ್ರೋಟೀನ್ ಸಾಲುತ್ತಿಲ್ಲ ಅಂತ ಅರ್ಥ. ಬೂಸಾ ಒಂದೇ ಸಾಲದು, ಸ್ವಲ್ಪ ಕಡಲೆಕಾಯಿ ಹಿಂಡಿ ಕೊಡಿ, ಬೇಲಿಯ ಚೊಗಚೆ ಸೊಪ್ಪು ಹಾಕಿ. ಮೂಳೆ, ಚಪ್ಪಲಿ, ಬಟ್ಟೆ ಅಗಿಯುವ ದನವನ್ನು ಸುಮ್ನೆ ಗದರಬೇಡಿ, ಅದಕ್ಕೆ ಹೆಚ್ಚಾಗಿ ರಂಜಕದ ಕೊರತೆ ಇರುತ್ತದೆ. ದೊಡ್ಡ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ.

ಭತ್ತದ ಹುಲ್ಲು ಇದ್ದರೆ, ಅದರ ಪ್ರೋಟೀನ್ ಹೆಚ್ಚಿಸಲು ಯೂರಿಯಾ ಉಪಚಾರ ಮಾಡಿ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾ, 50ರಿಂದ 60 ಲೀಟರ್ ನೀರು. ಯೂರಿಯಾ ಪೂರ್ತಿ ಕರಗಬೇಕು. ಪದರ ಪದರವಾಗಿ ಹುಲ್ಲು ಹಾಕಿ, ಸಮನಾಗಿ ಚಿಮುಕಿಸಿ, ತುಳಿದು, ಟಾರ್ಪಾಲಿನಿಂದ ಗಾಳಿಯಾಡದಂತೆ ಮುಚ್ಚಿ 21 ದಿನ ಬಿಡಿ. ತೆಗೆದ ಹುಲ್ಲನ್ನು ಘಾಟು ಹೋಗುವವರೆಗೆ ಗಾಳಿಗೆ ಹರಡಿ ಆಮೇಲೆ ತಿನ್ನಿಸಿ. ಆರು ತಿಂಗಳೊಳಗಿನ ಕರುಗಳಿಗೆ ಮಾತ್ರ ಕೊಡಲೇಬೇಡಿ. ಯೂರಿಯಾ ಕರಗಿಸಿದ ನೀರಿನ ಬಕೆಟ್ಟು ಯಾವ ದನದ ಬಾಯಿಗೂ ಸಿಗಬಾರದು, ಕುಡಿದರೆ ಪ್ರಾಣಕ್ಕೇ ಅಪಾಯ.